ಮಗ ಊರಿಗೆ ಬರಲಿ, ಯಾವ ಬೆಲೆಗೆ?



ಬೆಂಗಳೂರು ಸೇರಿದ ಮಗನನ್ನು ‘ಅಪ್ಪ ಅವ್ವನಿಗೆ ವಯಸ್ಸಾಯ್ತು, ಬಂದುಬಿಡಪ್ಪ, ಹಳ್ಳೀಲಿ ಖರ್ಚೇನಿದೆ?’ ಅಂತ ಕರೆಯುತ್ತೀರಿ. ಖರ್ಚಿಲ್ಲ ಅಂದವರು ಯಾರು ಸ್ವಾಮಿ? ಮನೆ ಬಾಡಿಗೆ ಒಂದು ಉಳಿದೀತು. ಅವ್ವನ ಸಕ್ಕರೆ ಕಾಯಿಲೆ ಮಾತ್ರೆಗೆ ಪಟ್ಟಣದ ಬೆಲೆಯೇ; ರಾತ್ರಿ ಎದೆನೋವು ಬಂದರೆ ಜಿಲ್ಲಾ ಆಸ್ಪತ್ರೆಗೆ ಬಾಡಿಗೆ ಕಾರು ಬೇರೆ. ಕೈಗೆ ಬರೋ ದುಡ್ಡು ಮಾತ್ರ ರಾಗಿ ದರದ್ದು.

2007ರ ಕಾಯಿದೆ ತಂದೆತಾಯಿಯನ್ನು ಸಾಕದ ಮಗನಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುತ್ತೆ. ಕೊಡಿಸಲಿ, ಬೇಡ ಅನ್ನೋಲ್ಲ. ಆದರೆ ಲೆಕ್ಕ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886. ವರ್ಷಕ್ಕೆ 1,20,000 ಹೊಂದಿಸಲು ಸುಮಾರು 25 ಕ್ವಿಂಟಲ್ ಮಾರಬೇಕು. ಮಳೆ ನಂಬಿದ ಹೊಲದಲ್ಲಿ ಎಕರೆಗೆ 8 ಕ್ವಿಂಟಲ್ ಬಂತು ಅಂತಲೇ ಇಟ್ಟುಕೊಳ್ಳಿ, ಮೂರೆಕರೆ ಫಸಲು ಪೂರಾ ಹೋಯ್ತು. ಉಳುಮೆ, ಗೊಬ್ಬರ, ಕೂಲಿ, ಸೊಸೈಟಿ ಸಾಲಕ್ಕೆ ಎಲ್ಲಿಂದ ತರೋದು?

ಆ ಬೆಲೆಯ ಗುಟ್ಟೂ ಕೇಳಿ. 2018ರ ಬಜೆಟ್ಟಿನಲ್ಲಿ ಖರ್ಚಿನ ಒಂದೂವರೆ ಪಟ್ಟು ಅಂದರು. ಯಾವ ಖರ್ಚು? ಕೈಯಿಂದ ಹಾಕಿದ್ದು, ಮನೆಯವರ ದುಡಿಮೆ, ಅಷ್ಟೇ. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಬಿಟ್ಟರು. ಇನ್ನು ಕೇಂದ್ರದ ವೃದ್ಧಾಪ್ಯ ವೇತನದ ಪಾಲು, ಅದೂ ಬಡತನ ರೇಖೆ ಕೆಳಗಿದ್ದರೆ, 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ! 2007ರಿಂದ ಏರಿಲ್ಲ.

ಮಗ ಬರಲಿಲ್ಲ ಅಂತ ಕಟ್ಟೆ ಮೇಲೆ ಕೂತು ಸೊಸೆಯನ್ನು ಬಯ್ಯೋದು ಬಿಡಿ. ಮುಂದಿನ ಸಭೆಗೆ ಒಬ್ಬೊಬ್ಬರೂ ಔಷಧಿ ಚೀಟಿ, ಗಾಡಿ ಬಾಡಿಗೆ ಲೆಕ್ಕ ತನ್ನಿ. ಗೇಣಿ, ಬಡ್ಡಿ ಸೇರಿಸಿ ಬೆಲೆ ಕಟ್ಟಿ ಅಂತ ಆ ಚೀಟಿಗಳನ್ನೇ ತಹಸೀಲ್ದಾರರ ಮೇಜಿನ ಮೇಲೆ ಸುರಿಯೋಣ.