ಹಲ್ಲೆಯನ್ನು ಕಿರುಕುಳವೆಂದು ಬರೆಯುವವರು

ಕಳೆದ ವರ್ಷ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಜೊತೆ ನಾವು ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಸಂಜೆ ಬಸ್ಸಿಳಿದು ಬರುತ್ತಿದ್ದವಳನ್ನು ಪರಿಚಯದವನೇ ಒಬ್ಬ ಗಲ್ಲಿಯಲ್ಲಿ ಅಡ್ಡಗಟ್ಟಿ, ದುಪಟ್ಟಾ ಎಳೆದು, ಸೊಂಟಕ್ಕೆ ಕೈ ಹಾಕಿದ್ದ. ಅವಳ ತಾಯಿ ಬಂದು, "ಆಪಾ, ನಮಗೆ ಬರೆಯೋಕೆ ಬರಲ್ಲ, ನೀವು ಬನ್ನಿ" ಎಂದಾಗ ಇಲ್ಲವೆನ್ನಲಾಗಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರನ್ನು ರೈಟರ್ ಎನ್ನುತ್ತಾರೆ. ನಾವೂ ರೈಟರೇ, ಅವರೂ ರೈಟರೇ. ಆದರೆ ನಮ್ಮ ಕಥೆಯಿಂದ ಯಾರೂ ಜೈಲಿಗೆ ಹೋಗುವುದಿಲ್ಲ, ಯಾರೂ ಬಿಡುಗಡೆಯಾಗುವುದಿಲ್ಲ. ಹುಡುಗಿ ಅಳುತ್ತಾ ಹೇಳಿದ್ದನ್ನೆಲ್ಲ ಆ ಪುಣ್ಯಾತ್ಮರು ಕೇಳಿಸಿಕೊಂಡು ಒಂದೇ ಸಾಲು ಮಾಡಿದರು: ಸದರಿ ಆಸಾಮಿಯು ನನಗೆ ಕಿರುಕುಳ ನೀಡಿರುತ್ತಾನೆ. ಎಳೆದದ್ದು, ಹಿಡಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ, "ಎಲ್ಲಾ ಒಂದೇ ಅಲ್ವೇನಮ್ಮಾ?" ಎಂದರು.

ಒಂದೇ ಅಲ್ಲ. ಆ ರಾತ್ರಿಯೇ ಅವನು ಜಾಮೀನಿನ ಮೇಲೆ ಹೊರಬಂದು, ಮರುದಿನ ಅದೇ ಗಲ್ಲಿಯ ಬೇಕರಿಯ ಮುಂದೆ ಚಹಾ ಕುಡಿಯುತ್ತಿದ್ದ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಎರಡು ಕಲಂಗಳು ಅಕ್ಕಪಕ್ಕದಲ್ಲೇ ಕುಳಿತಿವೆ. 74ನೆಯದು, ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಹಲ್ಲೆ ಮಾಡುವುದು ಅಥವಾ ಬಲಪ್ರಯೋಗಿಸುವುದು. ಹಳೆಯ ದಂಡ ಸಂಹಿತೆಯ 354 ಇದೇ. ಇದಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಸೆರೆವಾಸ, ಠಾಣೆಯಲ್ಲಿ ಜಾಮೀನಿಲ್ಲ. 75ನೆಯದು ಲೈಂಗಿಕ ಕಿರುಕುಳ, ಹಳೆಯ 354ಎ. ಅಶ್ಲೀಲ ಮಾತಿಗಾದರೆ 1 ವರ್ಷದವರೆಗೆ, ಬೇಡದ ಸ್ಪರ್ಶ, ಬೇಡಿಕೆ ಇತ್ಯಾದಿಗಳಿಗಾದರೆ 3 ವರ್ಷದವರೆಗೆ ಸೆರೆವಾಸ ಅಥವಾ ಬರೀ ದಂಡ. ಕನಿಷ್ಠ ಶಿಕ್ಷೆ ಎಂಬುದಿಲ್ಲ, ಜಾಮೀನು ಹಕ್ಕಿನಂತೆ ಸಿಗುತ್ತದೆ. ಗಮನಿಸಿ, ಮುಟ್ಟುವುದು ಎರಡರೊಳಗೂ ಬರುತ್ತದೆ. ಆದ್ದರಿಂದ ಸೊಂಟಕ್ಕೆ ಕೈ ಹಾಕಿದವನ ಭವಿಷ್ಯ ಬಹಳ ಮಟ್ಟಿಗೆ ಆ ಸಂಜೆ ಠಾಣೆಯಲ್ಲಿ ಪೆನ್ನು ಹಿಡಿದವರ ಕೈಯಲ್ಲಿರುತ್ತದೆ.

ಇನ್ನೊಂದು ಸಂಗತಿ ಓದಿದಾಗ ನಮಗೆ ಸಿಟ್ಟು ತಡೆಯಲಾಗಲಿಲ್ಲ. 2013ರ ತಿದ್ದುಪಡಿ, ಹೆಣ್ಣಿನ ಮೇಲಿನ ಕೆಲವು ಅಪರಾಧಗಳ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೇ ಜೈಲುಶಿಕ್ಷೆ ವಿಧಿಸಿತು. ಹೊಸ ಸಂಹಿತೆಯ 199ನೇ ಕಲಂನಲ್ಲೂ ಅದು ಉಳಿದಿದೆ. ಆ ಪಟ್ಟಿಯಲ್ಲಿ ಅತ್ಯಾಚಾರವಿದೆ, ಆಸಿಡ್ ದಾಳಿಯಿದೆ, 74 ಇದೆ, ಹೆಣ್ಣನ್ನು ಅವಮಾನಿಸುವ ಮಾತು ಮತ್ತು ಸನ್ನೆಯ 79 ಕೂಡ ಇದೆ. 75 ಇಲ್ಲ. ಹಲ್ಲೆಯ ದೂರನ್ನು ತಳ್ಳಿಹಾಕಿದ ಅಧಿಕಾರಿ ಅಪರಾಧಿಯಾಗುತ್ತಾನೆ. ಅದೇ ದೂರನ್ನು ಕಿರುಕುಳವೆಂದು ಹೆಸರಿಟ್ಟು ತಳ್ಳಿಹಾಕಿದರೆ ಈ ಕಲಂ ಅವನನ್ನು ಮುಟ್ಟುವುದಿಲ್ಲ. ಇದು ಶಾಸನ ರಚಿಸಿದವರ ಮರೆವೋ ಜಾಣತನವೋ?

ದೋಷ ಪೊಲೀಸರದ್ದು ಮಾತ್ರ ಎಂದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಭಾಷೆಯೂ ಇದರಲ್ಲಿ ಪಾಲುದಾರ. ಕಿರುಕುಳ ಎಂದೊಡನೆ ಮೊದಲು ಕಿವಿಗೆ ಬೀಳುವುದೇ 'ಕಿರು'. ಸೊಳ್ಳೆಯದ್ದೂ ಕಿರುಕುಳ, ಸಾಲಗಾರನದ್ದೂ ಕಿರುಕುಳ, ವರದಕ್ಷಿಣೆಗಾಗಿ ಸುಡುವ ಮನೆಯದ್ದೂ ಕಿರುಕುಳ. ಹಲ್ಲೆ ಎಂದರೆ ನಮ್ಮ ಪತ್ರಿಕೆಗಳಲ್ಲಿ ತಲೆ ಒಡೆದಿರಬೇಕು, ರಕ್ತ ಬಂದಿರಬೇಕು. ಕಾನೂನು ಹಾಗೆ ಹೇಳುವುದಿಲ್ಲ. ಮುಷ್ಟಿ ಬಿಗಿದು ಹೊಡೆಯಲು ಬಂದರೆ ಹಲ್ಲೆ. ಕಚ್ಚುವ ನಾಯಿಯ ಬಾಯಿಪಟ್ಟಿ ಬಿಚ್ಚತೊಡಗಿದರೂ ಹಲ್ಲೆ. ಇವು ದಂಡ ಸಂಹಿತೆಯೇ ಕೊಟ್ಟ ಉದಾಹರಣೆಗಳು. ಮೈ ಮುಟ್ಟಬೇಕೆಂದೇ ಇಲ್ಲ, ಈಗಲೇ ಮೈಮೇಲೆ ಬೀಳುತ್ತಾನೆಂಬ ಭಯ ಹುಟ್ಟಿಸುವ ಚರ್ಯೆ ಸಾಕು. ನಮ್ಮ ಮನೆಮಾತು ಉರ್ದು ಇನ್ನೂ ಒಂದು ಹೆಜ್ಜೆ ಮುಂದೆ. ಇದನ್ನೆಲ್ಲ ಛೇಡ್‌ಛಾಡ್ ಎಂದುಬಿಡುತ್ತದೆ. ರಾಗವೊಂದನ್ನು ಎತ್ತಿಕೊಳ್ಳುವುದಕ್ಕೂ ಅದೇ ಕ್ರಿಯಾಪದ! ಹೆಣ್ಣಿನ ಮೈಯೇನು ಸಿತಾರೇ?

ಕಿರಿದಾಗಿಸುವ ಈ ಚಾಳಿ ಬಡವರ ಗಲ್ಲಿಗೆ ಮಾತ್ರ ಸೀಮಿತವಲ್ಲ. 1988ರ ಜುಲೈನಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಪಂಜಾಬಿನ ಪೊಲೀಸ್ ಮಹಾನಿರ್ದೇಶಕ ಕೆ.ಪಿ.ಎಸ್. ಗಿಲ್ ಹಿರಿಯ ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರ ಹಿಂಭಾಗಕ್ಕೆ ತಟ್ಟಿದರು. ಆಕೆ ದೂರು ಕೊಟ್ಟರು. 1989ರಲ್ಲಿ ಹೈಕೋರ್ಟು ಆ ಎಫ್‌ಐಆರನ್ನೇ ರದ್ದುಪಡಿಸಿತು. ಅದಕ್ಕೆ ನೆರವಾಗಿದ್ದು ದಂಡ ಸಂಹಿತೆಯ 95ನೇ ಕಲಂ, ಸಾಮಾನ್ಯ ಮನುಷ್ಯನು ದೂರುವಂತಿಲ್ಲದ ಕ್ಷುಲ್ಲಕ ಹಾನಿ ಅಪರಾಧವಲ್ಲ ಎನ್ನುವ ಕಲಂ. ಕ್ಷುಲ್ಲಕ! ಸುಪ್ರೀಂ ಕೋರ್ಟು 1995ರಲ್ಲಿ ಅದನ್ನು ತಳ್ಳಿಹಾಕಿದ ಮೇಲೆ 1996ರಲ್ಲಿ 354 ಮತ್ತು 509ರಡಿ ಗಿಲ್ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಜೈಲುಶಿಕ್ಷೆ ಮುಂದೆ ಪ್ರೊಬೇಷನ್ ಆಗಿ ಕರಗಿತು. ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 2005ರಲ್ಲಿ, ಘಟನೆ ನಡೆದು 17 ವರ್ಷಗಳ ನಂತರ. ಐಎಎಸ್ ಅಧಿಕಾರಿಗೆ 17 ವರ್ಷವಾದರೆ ಗಾರ್ಮೆಂಟ್ಸ್ ಹುಡುಗಿಗೆ ಎಷ್ಟು?

ಮಕ್ಕಳ ವಿಷಯದಲ್ಲೂ ಹೀಗೆಯೇ. 2021ರ ಜನವರಿಯಲ್ಲಿ ಮುಂಬೈ ಹೈಕೋರ್ಟಿನ ನಾಗಪುರ ಪೀಠ, ಬಟ್ಟೆಯ ಮೇಲಿಂದ ಬಾಲಕಿಯ ಎದೆ ಅದುಮಿದರೆ ಅದು ಪೋಕ್ಸೊ ಕಾಯ್ದೆಯ ಲೈಂಗಿಕ ಹಲ್ಲೆಯಲ್ಲ, ಚರ್ಮಕ್ಕೆ ಚರ್ಮ ತಾಗಿರಬೇಕು ಎಂದು ತೀರ್ಪಿತ್ತು, ಕಡಿಮೆ ಶಿಕ್ಷೆಯ 354ಕ್ಕೆ ಇಳಿಸಿತು. ಹಾಗಾದರೆ ಕೈಗವಸು ತೊಟ್ಟವನು ಏನು ಮಾಡಿದರೂ ಪಾರಾಗುತ್ತಾನಲ್ಲ ಎಂದು ಅಟಾರ್ನಿ ಜನರಲ್ ವೇಣುಗೋಪಾಲ್ ಕೇಳಿದ್ದು ಸರಿಯಾಗಿಯೇ ಇತ್ತು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಮುಖ್ಯವಾದದ್ದು ಲೈಂಗಿಕ ಉದ್ದೇಶವೇ ಹೊರತು ಚರ್ಮವಲ್ಲವೆಂದು ಆ ತೀರ್ಪನ್ನು ಅಳಿಸಿಹಾಕಿತು.

ಇಲ್ಲಿ ನಮಗೆ ಬರುವ ಆಕ್ಷೇಪಣೆ ಗೊತ್ತು. ಹೀಗೆ ಹೇಳುತ್ತಾ ಹೋದರೆ ಶಿಳ್ಳೆ ಹೊಡೆದ ಹುಡುಗನ ಮೇಲೂ ಹಲ್ಲೆಯ ಕೇಸು ಬೀಳುತ್ತದೆ, ಆಗದವರನ್ನು ಒಳಗೆ ಹಾಕಿಸಲು ಕಲಂಗಳನ್ನು ಉಬ್ಬಿಸಿ ಬರೆಸುತ್ತಾರೆ ಎನ್ನುತ್ತಾರೆ. ಉಬ್ಬಿಸಿ ಬರೆಸುವುದು ಇದೆ. ಅದರ ಏಟು ಯಾವ ಯಾವ ಮೊಹಲ್ಲಾಗಳ ಹುಡುಗರಿಗೆ ಬೀಳುತ್ತದೆಂಬುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಬರೀ ಮಾತು ಹಲ್ಲೆಯಾಗದು ಎಂದು ಕಾನೂನೇ ಸ್ಪಷ್ಟವಾಗಿ ಬರೆದಿದೆ. ಮಾತಾಡಿದವನಿಗೆ 75, 79 ಸಾಕು. ನಾವು ಕೇಳುತ್ತಿರುವುದು ದೊಡ್ಡ ಕಲಂ ಅಲ್ಲ, ನಡೆದದ್ದಕ್ಕೆ ತಕ್ಕ ಕಲಂ. ಶಿಳ್ಳೆಯನ್ನು ಹಲ್ಲೆಯೆಂದು ಬರೆಯುವವನೂ ಹಲ್ಲೆಯನ್ನು ಕಿರುಕುಳವೆಂದು ಬರೆಯುವವನೂ ಒಂದೇ ಶಾಲೆಯಲ್ಲಿ ಓದಿದವರು.

ಬೀದಿಯ ಹಿರಿಯರೂ ಬಂದರು. ಮನೆಯ ಇಜ್ಜತ್ತು, ಹುಡುಗಿಯ ಮದುವೆ, ಅವನ ತಾಯಿಯ ಬಿ.ಪಿ. ಎಲ್ಲವೂ ಚರ್ಚೆಯಾದವು. "ಬರೀ ಕಿರುಕುಳ ತಾನೆ, ಮಾಫಿ ಕೇಳಿಸಿ ಮುಗಿಸೋಣ" ಎಂದರು ಒಬ್ಬರು. ಠಾಣೆಯ ಪದ ಅಷ್ಟು ಹೊತ್ತಿಗೆ ಅವರ ಬಾಯಿಗೂ ಬಂದಿತ್ತು.

ಹುಡುಗಿ ಒಪ್ಪಲಿಲ್ಲ. ಏಳನೇ ತರಗತಿಯವರೆಗೆ ಕಲಿತ ಕನ್ನಡದಲ್ಲಿ ತಾನೇ ಇನ್ನೊಂದು ಅರ್ಜಿ ಬರೆದಳು. ನಾವು ಕಾಗುಣಿತ ಕೂಡ ತಿದ್ದಲಿಲ್ಲ. ಅಡ್ಡ ನಿಂತ, ದುಪಟ್ಟಾ ಎಳೆದ, ಸೊಂಟ ಹಿಡಿದ, ಕೂಗಿದಾಗ ಬಾಯಿ ಮುಚ್ಚಿದ. ಬಾಯಿ ಮುಚ್ಚಿದ್ದನ್ನು ಮೊದಲ ದಿನ ಅವಳನ್ನು ಯಾರೂ ಕೇಳಿರಲೇ ಇಲ್ಲ, ನಾವೂ ಕೇಳಿರಲಿಲ್ಲ. 74ನೇ ಕಲಂ ಸೇರಿಸಬೇಕೆಂಬ ಆ ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದಿದ್ದಾಳೆ. ದೋಷಾರೋಪ ಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲ.