ನೀಟಾಗಿ ಅಂದರೆ ಬಿಗಿಯಾಗಿ ಅಂತಲ್ಲ

ನಮ್ಮ ಕಾಲೇಜಿನಲ್ಲಿ ನಾಲ್ಕು ಹುಡುಗಿಯರು ಕೂಡಿದರೆ ಕೂದಲು ಉದುರುವ ಮಾತು ಬಂದೇ ಬರುತ್ತದೆ. ಒಬ್ಬಳು ಶಾಂಪೂ ಹೆಸರು ಹೇಳುತ್ತಾಳೆ, ಇನ್ನೊಬ್ಬಳು ಉಳ್ಳಾಗಡ್ಡಿ ಎಣ್ಣೆ ಅನ್ನುತ್ತಾಳೆ, ಮೂರನೆಯವಳು ಎಲ್ಲಾ ತಪ್ಪನ್ನೂ ಬೋರ್‌ವೆಲ್ಲಿನ ಸವಳು ನೀರಿನ ಮೇಲೆ ಹಾಕುತ್ತಾಳೆ. ಕೂದಲನ್ನು ಹೇಗೆ ಕಟ್ಟುತ್ತೀ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹಣಗಿಗೆ ಬಂದ ಕೂದಲಿನ ತುದಿಗಳನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಗೆ ಸಣ್ಣ ಬಿಳಿ ಗಂಟಿದ್ದರೆ ಅದು ಬೇರಿನಿಂದ ಬಂದದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ದೊಡ್ಡ ಜ್ವರ ಬಂದು ಎರಡು-ಮೂರು ತಿಂಗಳಾದ ಮೇಲೆ ಅಥವಾ ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದಾಗ ಇನ್ನೂ ಹೆಚ್ಚು ಉದುರಬಹುದು. ಅದನ್ನು ವೈದ್ಯರಿಗೆ ತೋರಿಸಬೇಕು. ಗಂಟೇ ಇಲ್ಲದ ತುಂಡುಗಳು ಬಂದರೆ ಕೂದಲು ನಡುವೆ ಮುರಿದಿದೆ ಎಂದರ್ಥ. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ಎಷ್ಟು ಎಣ್ಣೆ ಹಚ್ಚಿದರೂ ಎದ್ದು ನಿಲ್ಲುವ ಚಿಕ್ಕ ಕೂದಲುಗಳನ್ನು ನಾವು 'ಹೊಸದಾಗಿ ಬರುತ್ತಿವೆ' ಎಂದು ಖುಷಿಪಡುತ್ತೇವಲ್ಲ, ಅವುಗಳಲ್ಲೂ ಎಷ್ಟೋ ಮುರಿದವೇ ಇರುತ್ತವೆ.

ಯಾಕೆ ಮುರಿಯುತ್ತದೆ ಎಂಬುದಕ್ಕೆ ಉತ್ತರ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಜೈವಿಕ ಅಣುಗಳ ಪಾಠದಲ್ಲೇ ಇದೆ. ಕೂದಲೆಂದರೆ ಕೆರಾಟಿನ್ ಎಂಬ ನಾರಿನಂಥ ಪ್ರೋಟೀನ್. ಅದರ ಸುರುಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧವೂ ಒಂದು. ನೀರು ಒಳಗೆ ಹೋದರೆ ಈ ಬಂಧ ಸಡಿಲವಾಗುತ್ತದೆ. ಹಾಗಾಗಿ ಒದ್ದೆ ಕೂದಲನ್ನು ಎಳೆದರೆ ಒಣಗಿದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬೇಗ ಹರಿಯುತ್ತದೆ.

ಈಗ ನಮ್ಮ ಶುಕ್ರವಾರದ ಬೆಳಗನ್ನು ನೆನೆಯಿರಿ. ಮಾಂಜರಿ, ಅಂಕಲಿ, ಕಲ್ಲೋಳ ಕಡೆಯಿಂದ ಬರುವವರಿಗೆ ಬಸ್ಸಿನ ಅವಸರ. ಜುಮ್ಮಾ ದಿನ ಎಂದು ನಾವು, ಶುಕ್ರವಾರ ಎಂದು ನಮ್ಮ ಹಿಂದೂ ಗೆಳತಿಯರು, ಎಲ್ಲರೂ ಅಂದೇ ಬೆಳಿಗ್ಗೆ ತಲೆ ಎರೆದುಕೊಳ್ಳುತ್ತೇವೆ. ನೀರು ಸೋರುವ ಕೂದಲಿಗೆ ಹಣಗಿ ಎಳೆದು, ರಬ್ಬರ್ ಬ್ಯಾಂಡನ್ನು ಮೂರು ಸುತ್ತು ಬಿಗಿದು, ತುರುಬು ಕಟ್ಟಿ, ಮೇಲೆ ಸ್ಕಾರ್ಫ್ ಹಾಕಿದರೆ ಮತ್ತೆ ಬಿಚ್ಚುವುದು ಸಂಜೆಗೇ. ಅಷ್ಟು ಹೊತ್ತೂ ಒಳಗೆ ತೇವ, ಬೆವರು. ಹೊಟ್ಟು ಹೆಚ್ಚುವುದಕ್ಕೆ ಇನ್ನೇನು ಬೇಕು? ಇದರಲ್ಲಿ ಸ್ಕಾರ್ಫಿನ ತಪ್ಪೇನೂ ಇಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಿಂದ, ಬಿಸಿಲಿನಿಂದ ಅದು ಕೂದಲನ್ನು ಕಾಪಾಡುತ್ತದೆ. ಅದರೊಳಗೆ ಹಸಿ ತುರುಬು ಇಡುವುದು ತಪ್ಪು. ಗುರುವಾರ ಸಂಜೆಯೇ ತಲೆ ಎರೆದುಕೊಂಡರೆ ರಾತ್ರಿ ಮಲಗುವುದರೊಳಗೆ ಒಣಗುತ್ತದೆ. ಸ್ಕಾರ್ಫಿನ ಒಳಗಿನ ಟೋಪಿ ನೈಲಾನಿನ ಬದಲು ಹತ್ತಿಯದಾದರೆ ಬೆವರು ಹೀರುತ್ತದೆ.

ಬಿಗಿಯಾಗಿ ಕಟ್ಟುವುದನ್ನು ನಮಗೆ ಕಲಿಸಿದ್ದು ಶಾಲೆ. ನಾನು ಓದಿದ ಹೈಸ್ಕೂಲಿನಲ್ಲಿ ಎರಡು ಹೆರಳು ಹಾಕಿ, ಮಡಚಿ, ರಿಬ್ಬನ್ನಿನಿಂದ ಕಿವಿಯ ಹತ್ತಿರ ಕಟ್ಟಬೇಕಿತ್ತು. ಪ್ರಾರ್ಥನೆಯ ಹೊತ್ತಿಗೆ ಒಂದೆಳೆ ಸಡಿಲವಾಗಿದ್ದರೂ ಹೊರಗೆ ನಿಲ್ಲಿಸುತ್ತಿದ್ದರು. ಸಂಜೆ ರಿಬ್ಬನ್ ಬಿಚ್ಚಿದಾಗ ಬೈತಲೆಯ ಉದ್ದಕ್ಕೂ ಚುರುಚುರು ಅನ್ನುತ್ತಿತ್ತು. ಹೀಗೆ ವರ್ಷಗಟ್ಟಲೆ ಎಳೆದು ಕಟ್ಟಿದ್ದರಿಂದ ಹಣೆಯ ಅಂಚಿನ ಕೂದಲು ಹೋಗುವುದಕ್ಕೆ ವೈದ್ಯರು ಟ್ರ್ಯಾಕ್ಷನ್ ಅಲೋಪೀಸಿಯಾ ಎನ್ನುತ್ತಾರೆ. 1907ರಲ್ಲೇ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ಗುರುತಿಸಿದ್ದರು. ಅವರದು ನೆತ್ತಿಯ ಮೇಲೆ ಎಳೆದು ಕಟ್ಟುವ ತುರುಬು. ಹುಡುಗರು ಈ ಪುಟ ತಿರುವಿಹಾಕುವ ಮೊದಲು ಕೇಳಲಿ: ಕೂದಲನ್ನು ಬಿಗಿಯಾಗಿ ಗಂಟು ಕಟ್ಟುವ ಸಿಖ್ ಯುವಕರಲ್ಲೂ ಇದು ಕಂಡುಬಂದಿದೆ. ಮೊದಮೊದಲು ಎಚ್ಚೆತ್ತು ಸಡಿಲ ಮಾಡಿದರೆ ಕೂದಲು ಮತ್ತೆ ಬರುತ್ತದೆ. ತಡವಾದರೆ ಬೇರು ಸತ್ತು ಆ ಜಾಗ ಬೋಳಾಗಿಯೇ ಉಳಿಯುತ್ತದೆ. ಆಮೇಲೆ ಯಾವ ಎಣ್ಣೆಯೂ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಹೇಗೆ ಕಟ್ಟಬೇಕು? ನಮ್ಮ ದಾದಿ ಕಟ್ಟುವ ಹಾಗೆ. ಮೊದಲು ತುದಿಯ ಸಿಕ್ಕು ಬಿಡಿಸಿ, ಆಮೇಲೆ ನಡುವಿನದು, ಕೊನೆಗೆ ಬುಡದ್ದು. ಅಗಲ ಹಲ್ಲಿನ ಹಣಗಿ. ಕುತ್ತಿಗೆಯ ಹತ್ತಿರ ಶುರುವಾಗುವ ಒಂದೇ ಸಡಿಲ ಹೆರಳು, ತುದಿಗೆ ಬಟ್ಟೆಯ ಪಟ್ಟಿ. "ಕಟ್ಟಿದ ಮ್ಯಾಲೆ ಹುಬ್ಬು ಎತ್ತಿದ್ರ ನೋವಾಗಬಾರದು" ಎಂಬುದೇ ಅವರ ಅಳತೆಗೋಲು. ಬೈತಲೆಯನ್ನು ಆಗಾಗ ಎಡಕ್ಕೆ ಬಲಕ್ಕೆ ಬದಲಿಸುತ್ತಾರೆ, ಒಂದೇ ಜಾಗಕ್ಕೆ ಎಳೆತ ಬೀಳದಿರಲೆಂದು. ತಲೆ ಎರೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಭಾರತೀಯ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ, ಕೂದಲಿನ ಪ್ರೋಟೀನ್ ಸೋರಿಕೆ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ ಎಂದು ತೋರಿಸಿದರು. ಅವರು ಎಣ್ಣೆ ಮಾರುವ ಕಂಪನಿಯವರೇ ಆಗಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ. ದಾದಿಗೆ ಮಾರುವುದೇನೂ ಇರಲಿಲ್ಲ.

ಮೊಬೈಲಿನಲ್ಲಿ ನೋಡಿ ಸಣ್ಣ ಸಣ್ಣ ನೂರು ಹೆರಳು ಹಾಕಿಸಿಕೊಳ್ಳುವ ಹೊಸ ಆಸೆ ಕೆಲವರಿಗಿದೆ. ಗೋವಾದ ಬೀಚಿನಲ್ಲಿ ಹಾಕಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಆ ಹೆರಳು ಆಫ್ರಿಕಾ ಮೂಲದ ಜನ ತಮ್ಮ ಗುಂಗುರು ಕೂದಲಿಗಾಗಿ ಕಂಡುಕೊಂಡದ್ದು. ಅಂಥ ಕೂದಲು ನಮ್ಮ ನಾಡಿಗೂ ಹೊಸದಲ್ಲ. ಹಳಿಯಾಳ, ಯಲ್ಲಾಪುರದಲ್ಲಿ, ನಮ್ಮದೇ ಜಿಲ್ಲೆಯ ಖಾನಾಪುರದಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಗುಂಗುರು ಕೂದಲಿನ ಪ್ರತಿ ತಿರುವೂ ಮುರಿಯಬಹುದಾದ ಜಾಗ. ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದೂ ಕಷ್ಟ. ದಿನಾ ಬಾಚಿದರೆ ಹಾಳಾಗುತ್ತದೆ, ಹೆಣೆದಿಟ್ಟರೆ ಉಳಿಯುತ್ತದೆ. ಅದನ್ನು ಕಂಡು ನಗುವವರು ಹೆಣಿಗೆಯ ಹಿಂದಿರುವ ಈ ತಿಳಿವಳಿಕೆಯನ್ನು ತಿಳಿದುಕೊಂಡರೆ ಒಳ್ಳೆಯದು. ನಮ್ಮ ನೇರ, ತೆಳು ಕೂದಲಿಗೆ ಮಾತ್ರ ಅಷ್ಟು ಬಿಗಿ ಹೆಣಿಗೆ ಭಾರವೇ.

ಊರಿಗೆ ಬಂದು ಉದುರಿದ ಕೂದಲು ಕೊಳ್ಳುವವರು ಗೊತ್ತಲ್ಲ? ಕೊಪ್ಪಳದ ಭಾಗ್ಯನಗರದಲ್ಲಿ ಅಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸಿ ಮಾರುವುದೇ ದೊಡ್ಡ ಉದ್ಯೋಗ. ಅಲ್ಲಿ ಬೆಲೆ ಉದ್ದಕ್ಕೆ, ಮುರಿದ ತುಂಡಿಗಲ್ಲ.

ನಮ್ಮ ಕಾಲೇಜಿನ ನಿಯಮ 'ಕೂದಲನ್ನು ನೀಟಾಗಿ ಕಟ್ಟಿರಬೇಕು' ಎಂದಷ್ಟೇ ಹೇಳುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಪ್ರಯೋಗಾಲಯದಲ್ಲಿ ಬರ್ನರ್ ಹತ್ತಿರ ಬಿಚ್ಚುಗೂದಲು ಅಪಾಯವೇ. ಆದರೆ ಒಂದು ಸಡಿಲ ಹೆರಳೂ ನೀಟೇ ಎಂದು ಮೇಡಂಗಳು ಜೂನ್ ತಿಂಗಳಲ್ಲೇ, ಪ್ರಥಮ ಪಿಯುಸಿಗೆ ಹೊಸದಾಗಿ ಬರುವವರಿಗೆ ಬಾಯಿಬಿಟ್ಟು ಹೇಳಬೇಕು. ಹತ್ತು ವರ್ಷ ರಿಬ್ಬನ್ ಬಿಗಿದು ಬಂದ ಹುಡುಗಿಯರು ಯಾರೂ ಹೇಳದೆ ಸಡಿಲ ಮಾಡುವುದಿಲ್ಲ. ಹುಡುಗಿಯರ ಕೋಣೆಯಲ್ಲಿ ಒಂದು ಕನ್ನಡಿ, ಒಂದು ಫ್ಯಾನ್ ಇದ್ದರೆ ಮಳೆಗಾಲದಲ್ಲಿ ಬಸ್ಸಿಳಿದು ನೆನೆದು ಬಂದವರು ಮೊದಲ ತರಗತಿಗೆ ಮುಂಚೆ ಹತ್ತು ನಿಮಿಷ ಕೂದಲು ಆರಿಸಿಕೊಂಡು ಮತ್ತೆ ಹೆಣೆದುಕೊಳ್ಳಬಹುದು.