ನಾಲ್ಕು ಮೈಲಿನ ಲಾಭ, ಒಂದು ಸ್ಟೆಪ್ನಿಯ ಪ್ರಶ್ನೆ

ಕಳೆದ ವರ್ಷ ಒಂದು ಶನಿವಾರ ರಾತ್ರಿ, ಅಂದ್ರೆ ಹಾಸನದಲ್ಲಿ ಭಾನುವಾರ ಬೆಳಿಗ್ಗೆ, ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಎರಡು ಕಾರಿನ ಫೋಟೊ ತೋರಿಸಿದೆ. ಎರಡೂ 2017ರ ಟೊಯೋಟಾ ಪ್ರಿಯಸ್, ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಬಿಳಿ. ಒಂದು ಮಾಮೂಲಿ ವೇರಿಯಂಟ್, ಹೆಸರು 'ಟೂ'. ಇನ್ನೊಂದು ಇನ್ನೂ ಜಾಸ್ತಿ ಮೈಲೇಜ್ ಕೊಡಲಿ ಅಂತಲೇ ಮಾಡಿದ್ದು, 'ಟೂ ಇಕೋ'. ಅಪ್ಪ ಕನ್ನಡಕ ಸರಿ ಮಾಡ್ಕೊಂಡು ನೋಡಿದ್ರು. ಬಣ್ಣ ಕೇಳಲಿಲ್ಲ, ರೇಟು ಕೇಳಲಿಲ್ಲ. ಕೇಳಿದ್ದು ಒಂದೇ: "ಸ್ಟೆಪ್ನಿ ಐತೇನಮ್ಮ?"

ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ ಮನುಷ್ಯ ಇನ್ನೇನು ಕೇಳ್ತಾರೆ!

ನಾವಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಹತ್ತಿರ. ನನ್ನ ಗಂಡನಿಗೆ ಮನೆಯಿಂದಲೇ ಕೆಲಸ. ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ. ಆಸ್ಪತ್ರೆ ಉತ್ತರಕ್ಕೆ 38 ಮೈಲಿ ದೂರದ ಸಣ್ಣ ಊರಲ್ಲಿದೆ. ದಾರಿಯ ಒಂದು ಕಡೆ ಸಸ್ಕ್ವೆಹನ್ನಾ ನದಿ, ಇನ್ನೊಂದು ಕಡೆ ಗುಡ್ಡ. ಮಧ್ಯೆ ಕೆಲವು ಕಡೆ ಫೋನಿಗೆ ಸಿಗ್ನಲ್ಲೇ ಇರಲ್ಲ. ವಾರಕ್ಕೆ ನಾಲ್ಕು ದಿನ ಹೋಗಿ ಬರೋದು, ಶನಿವಾರ ಭಾನುವಾರದ ಓಡಾಟ, ಎಲ್ಲಾ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 15,000 ಮೈಲಿ. ಮನೆಗೆ ಇರೋದು ಒಂದೇ ಕಾರು. ಹಳೇ ಸೆಡಾನ್ ಗ್ಯಾಲನ್ನಿಗೆ 25 ಮೈಲಿ ಕೊಡ್ತಿತ್ತು, ಗೇರ್‌ಬಾಕ್ಸ್ ಆಗಲೇ ನರಳ್ತಿತ್ತು. ಸೆಪ್ಟೆಂಬರಿನಿಂದ ಮಗಳನ್ನು ಆಸ್ಪತ್ರೆ ಪಕ್ಕದ ಡೇಕೇರ್‌ಗೆ ಹಾಕೋದು ಅಂತ ತೀರ್ಮಾನ ಆಗಿತ್ತು. ಡೇಕೇರ್ ಫೀಸು ನೋಡಿದ ಮೇಲೆ, ಕಾರಿಗೆ 16,000 ಡಾಲರ್ ದಾಟೋ ಹಾಗಿಲ್ಲ ಅಂತಾನೂ ತೀರ್ಮಾನ ಆಯ್ತು.

ಮಾಮೂಲಿ 'ಟೂ' ನಮ್ಮ ಲೆಕ್ಕದೊಳಗೆ ಬರ್ತಿತ್ತು. 'ಇಕೋ' ಅದಕ್ಕಿಂತ 600 ಡಾಲರ್ ಜಾಸ್ತಿ, ಚೌಕಾಸಿ ಮಾಡಿದ್ರೆ ಅದೂ ಅಂಚಿಗೆ ಬರ್ತಿತ್ತು. ನನ್ನ ಗಂಡನ ಮನಸ್ಸು ಪೂರ್ತಿ ಇಕೋ ಕಡೆಗೆ.

"ಇದು 52, ಅದು 56. ಒಂದು ಸಲ 600 ಕೊಟ್ಟುಬಿಟ್ರೆ ಆಮೇಲೆ ಪ್ರತಿ ಟ್ಯಾಂಕಿಗೂ ಉಳಿತಾಯ ಕಣೇ," ಅಂದ. ಕೇಳೋಕೆ ಸರಿಯಾಗೇ ಇತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದ್ರೆ ಇಪಿಎ, ಈ ಕಾರುಗಳಿಗೆ ಕೊಟ್ಟಿರೋ ನಗರ ಮತ್ತು ಹೆದ್ದಾರಿ ಸೇರಿದ ಅಂಕಿ ಅದೇ: ಮಾಮೂಲಿಗೆ ಗ್ಯಾಲನ್ನಿಗೆ 52 ಮೈಲಿ, ಇಕೋಗೆ 56. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಲೀಟರಿಗೆ ಸುಮಾರು 22 ಮತ್ತು 24 ಕಿಲೋಮೀಟರ್.

ಆದ್ರೆ ಒಂದೇ ಇಂಜಿನ್, ಒಂದೇ ಬಾಡಿ ಇರೋ ಕಾರು ನಾಲ್ಕು ಮೈಲಿ ಜಾಸ್ತಿ ಹೇಗೆ ಕೊಡುತ್ತೆ? ಕೂತು ಎರಡೂ ವೇರಿಯಂಟಿನ ಪಟ್ಟಿ ಸಾಲು ಸಾಲಾಗಿ ಹೋಲಿಸಿದೆ. ಮಾಯ ಏನೂ ಇಲ್ಲ, ತೂಕ ಇಳಿಸಿದ್ದಾರೆ. ಮಾಮೂಲಿ 'ಟೂ'ನಲ್ಲಿ ಹಳೇ ಬಗೆಯ ನಿಕಲ್ ಬ್ಯಾಟರಿ, ಇಕೋದಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ. ಅಲ್ಲೀವರೆಗೂ ಒಳ್ಳೇದೇ. ಮುಂದಿನ ಎರಡು ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. ಇಕೋಗೆ ಹಿಂದಿನ ಗಾಜಿನ ವೈಪರ್ ಇಲ್ಲ. ಸ್ಟೆಪ್ನಿ ಇಲ್ಲ.

ಅಪ್ಪ ಕೇಳಿದಾಗ ನಕ್ಕಿದ್ದೆನಲ್ಲ, ಆ ನಗು ಅಲ್ಲೇ ಮಾಯವಾಯ್ತು.

ಸ್ಟೆಪ್ನಿ ಬದಲು ಇಕೋದಲ್ಲಿ ಒಂದು ಪಂಚರ್ ಕಿಟ್ ಇಟ್ಟಿರ್ತಾರೆ: ಒಂದು ಬಾಟಲಿ ಅಂಟು ದ್ರವ, ಒಂದು ಪುಟ್ಟ ಗಾಳಿ ಪಂಪು. ಟೈರಿನ ರಸ್ತೆಗೆ ತಾಗೋ ಭಾಗಕ್ಕೆ ಮೊಳೆ ಚುಚ್ಚಿದ್ರೆ ಅದು ಕೆಲಸ ಮಾಡುತ್ತೆ. ದ್ರವ ತುಂಬಿ, ಗಾಳಿ ಹೊಡೆದು, ಹತ್ತಿರದ ಅಂಗಡಿ ತನಕ ಹೋಗಬಹುದು. ಟೈರಿನ ಪಕ್ಕದ ಗೋಡೆ ಹರಿದ್ರೆ ಮಾತ್ರ ಅದರಿಂದ ಏನೂ ಆಗಲ್ಲ.

ಪಕ್ಕದ ಗೋಡೆ ಹರಿಯೋದು ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಸಂಜೆ ಶಿಫ್ಟ್ ಮುಗಿಸಿ ವಾಪಸ್ ಬರ್ತಿದ್ದೆ. ಇಲ್ಲಿ ಚಳಿಗಾಲದಲ್ಲಿ ಟಾರಿನ ಬಿರುಕಿಗೆ ನೀರು ಇಳಿದು, ಹೆಪ್ಪುಗಟ್ಟಿ, ಹಿಗ್ಗಿ, ಮತ್ತೆ ಕರಗಿ ರಸ್ತೆ ಕಿತ್ತು ಬರುತ್ತೆ. ಅಂಥದ್ದೊಂದು ಗುಂಡಿಗೆ ಮುಂದಿನ ಬಲಗಡೆ ಚಕ್ರ ದಡ್ ಅಂತ ಬಿತ್ತು. ಇಳಿದು ನೋಡಿದ್ರೆ ಟೈರಿನ ಗೋಡೆ ನಾಲ್ಕು ಬೆರಳಗಲ ಹರಿದಿದೆ. ರಾತ್ರಿ ಹನ್ನೊಂದೂವರೆ. ಫೋನಲ್ಲಿ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ಒಂದೆರಡು ಲಾರಿ ಹೋದವು, ನಿಲ್ಲಲಿಲ್ಲ. ನಿಲ್ಲೋದೂ ಬೇಡ ಅನ್ನಿಸ್ತಿತ್ತು.

ಡಿಕ್ಕಿ ತೆಗೆದೆ. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಪಾನ ಇತ್ತು. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ಮನೆ ಮುಂದೆ ಕೂರಿಸಿ ಕಲಿಸಿದ್ದು ಒಂದೊಂದಾಗಿ ನೆನಪಾಯ್ತು. "ಜಾಕ್ ಏರಿಸೋಕ್ ಮುಂಚೆ ನಟ್ಟು ಸಡಿಲ ಮಾಡ್ಕೊ. ಚಕ್ರ ಗಾಳೀಲಿದ್ರೆ ಅದೂ ನಿನ್ ಜೊತೆ ತಿರುಗ್ತದೆ. ಆಮೇಲೆ ಬಿಗಿ ಮಾಡ್ವಾಗ ಎದುರು ಬದರು ಮಾಡು, ಸಾಲಾಗಿ ಬೇಡ." ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಪಾನದ ಮೇಲೆ ಕಾಲಿಟ್ಟು ತುಳಿದು ನಟ್ಟು ಬಿಚ್ಚಿದೆ. ಅರ್ಧ ಗಂಟೆ ಹಿಡೀತು. ಆ ತೆಳು ಸ್ಟೆಪ್ನಿಯಲ್ಲಿ ಗಂಟೆಗೆ 50 ಮೈಲಿ ದಾಟಬಾರದು. ನಿಧಾನಕ್ಕೆ ಮನೆ ಸೇರಿದಾಗ ಕೈ ಮರಗಟ್ಟಿತ್ತು. ಅವತ್ತು ಕಾರಲ್ಲಿ ನಾನೊಬ್ಬಳೇ ಇದ್ದೆ. ಸೆಪ್ಟೆಂಬರಿನಿಂದ ಹಿಂದಿನ ಸೀಟಲ್ಲಿ ಎರಡು ವರ್ಷದ ಮಗು ಇರುತ್ತೆ.

ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ಗಂಡ ಅಂದ, "ಅದು ಒಂದು ಸಲ ಆಗಿದ್ದು. ಮೈಲೇಜ್ ದಿನಾ ಬರೋದು." ಅದೂ ನ್ಯಾಯವಾದ ಮಾತೇ. ಭಯಕ್ಕೆ ಬಿದ್ದು ಕಾರು ತಗೊಳ್ಳೋದು ಬೇಡ, ಲೆಕ್ಕ ಹಾಕೋಣ ಅಂದೆ. ಲ್ಯಾಬಿನವಳು ನಾನು, ಅಂಕಿ ಕಂಡ್ರೆ ಹೆದರಿಕೆ ಇಲ್ಲ.

ಮೈಲೇಜ್ ಅನ್ನೋ ಲೆಕ್ಕ ನಮ್ಮನ್ನ ಸ್ವಲ್ಪ ಯಾಮಾರಿಸುತ್ತೆ. ನಾವು ದುಡ್ಡು ಕೊಡೋದು ಮೈಲಿಗಲ್ಲ, ಪೆಟ್ರೋಲಿಗೆ. ಅದಕ್ಕೇ ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನೋದನ್ನ ತಿರುಗಿಸಿ, ನೂರು ಮೈಲಿಗೆ ಎಷ್ಟು ಗ್ಯಾಲನ್ ಅಂತ ನೋಡಬೇಕು. ಅಮೆರಿಕದಲ್ಲಿ ಹೊಸ ಕಾರಿನ ಗಾಜಿಗೆ ಅಂಟಿಸೋ ಇಪಿಎ ಚೀಟಿಯಲ್ಲಿ ಈ ಅಂಕಿಯೂ ಸಣ್ಣ ಅಕ್ಷರದಲ್ಲಿ ಇರುತ್ತೆ. ಆ ಪ್ರಕಾರ ನಮ್ಮ ಹಳೇ ಕಾರು ನೂರು ಮೈಲಿಗೆ ಕುಡೀತಿದ್ದದ್ದು 4 ಗ್ಯಾಲನ್. ಮಾಮೂಲಿ ಪ್ರಿಯಸ್ 1.9. ಇಕೋ 1.8.

ಈ ಮೂರು ಅಂಕಿ ಒಂದರ ಕೆಳಗೊಂದು ಬರೆದ ತಕ್ಷಣ ನನ್ನ ಗಂಡನೂ ಸುಮ್ಮನಾದ. ದೊಡ್ಡ ಇಳಿತ ಎಲ್ಲಿದೆ ಅಂತ ಕಣ್ಣಿಗೇ ಕಾಣ್ತಿತ್ತು.

ವರ್ಷಕ್ಕೆ 15,000 ಮೈಲಿ ಅಂತ ಇಟ್ಕೊಂಡ್ರೆ ಹಳೇ ಕಾರಿಗೆ 600 ಗ್ಯಾಲನ್ ಬೇಕು. ಮಾಮೂಲಿ ಪ್ರಿಯಸ್‌ಗೆ ಸುಮಾರು 288. ಅಂದ್ರೆ ಹೈಬ್ರಿಡ್‌ಗೆ ಬಂದ ಮಾತ್ರಕ್ಕೇ 300ಕ್ಕೂ ಹೆಚ್ಚು ಗ್ಯಾಲನ್ ಉಳೀತು. ಗ್ಯಾಲನ್ನಿಗೆ ಮೂರೂವರೆ ಡಾಲರ್ ಅಂತ ಹಿಡಿದ್ರೆ ಸಾವಿರ ಡಾಲರಿನ ಮೇಲೆ. ಅಲ್ಲಿಂದ ಇಕೋಗೆ ಹೋದ್ರೆ 268 ಗ್ಯಾಲನ್, ಅಂದ್ರೆ ಇನ್ನೂ 20 ಚಿಲ್ಲರೆ ಉಳಿಯುತ್ತೆ. ವರ್ಷಕ್ಕೆ 72 ಡಾಲರ್, ತಿಂಗಳಿಗೆ 6. ಮೇಲೆ ಕೊಡೋ 600 ಡಾಲರ್ ವಾಪಸ್ ಬರೋಕೆ ಎಂಟು ವರ್ಷ ಬೇಕು. ಕಾರಿಗೆ ಆಗಲೇ ಏಳು ವರ್ಷ ವಯಸ್ಸು!

"ಹಾಗಾದ್ರೆ ಇಕೋ ತಗೊಂಡು, ಒಂದು ಸ್ಟೆಪ್ನಿ ಬೇರೆ ಕೊಂಡು ಡಿಕ್ಕಿಯಲ್ಲಿ ಹಾಕೋಣ," ಅಂದ. ಹಾಕಬಹುದು. ಆದ್ರೆ ಸ್ಟೆಪ್ನಿ, ಜಾಕ್, ಪಾನ ಎಲ್ಲದಕ್ಕೂ ದುಡ್ಡು ಕೊಡಬೇಕು. ಅವರು ಕಷ್ಟಪಟ್ಟು ಇಳಿಸಿದ ತೂಕವನ್ನ ನಾವೇ ಕೈಯಾರೆ ಮತ್ತೆ ಹೇರಿದ ಹಾಗಾಗುತ್ತೆ. ಅವನಿಗೇ ನಗು ಬಂತು.

ಇಕೋ ಕೆಟ್ಟ ಕಾರು ಅಂತ ನಾನು ಹೇಳ್ತಿಲ್ಲ. ಊರೊಳಗೇ ಓಡಾಡೋರು, ಫೋನ್ ಮಾಡಿದ್ರೆ ಮುಕ್ಕಾಲು ಗಂಟೆಯಲ್ಲಿ ಟೋಯಿಂಗ್ ಗಾಡಿ ಬರೋ ಕಡೆ ಇರೋರು, ವರ್ಷಕ್ಕೆ ಮೂವತ್ತು ಸಾವಿರ ಮೈಲಿ ಓಡಿಸೋರು ಕಣ್ಮುಚ್ಚಿ ತಗೊಳ್ಳಬಹುದು. ಎರಡಕ್ಕೂ ಒಂದೇ ರೇಟು ಅಂದಿದ್ರೆ ನಮ್ಮನೇಲೂ ಜಗಳ ಇನ್ನೂ ಎರಡು ದಿನ ನಡೀತಿತ್ತೇನೋ. ಆದ್ರೆ ನಮ್ಮ ದಾರಿಗೆ, ನಮ್ಮ ದುಡ್ಡಿಗೆ, ತಿಂಗಳಿಗೆ ಆರು ಡಾಲರಿನ ಆಸೆಗೆ ಸ್ಟೆಪ್ನಿ ಮಾರೋದು ಗಿಟ್ಟಲ್ಲ. ವೈಪರ್ ವಿಷಯಾನೂ ಅಷ್ಟೇ. ಹಿಮ ಬಿದ್ದಾಗ ರಸ್ತೆಗೆ ಉಪ್ಪು ಸುರೀತಾರೆ, ಆ ಕೆಸರು ಹಾರಿ ಹಿಂದಿನ ಗಾಜಿಗೆ ಮೆತ್ತಿಕೊಂಡ್ರೆ ಹಿಂದೆ ಬರೋ ಲಾರಿ ಕಾಣಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಲ್ಲೋ ಮೈಸೂರಲ್ಲೋ ಹೈಬ್ರಿಡ್ ಕಾರು ನೋಡ್ತಿರಬಹುದು. ಇದೇ ಲೆಕ್ಕ ನಿಮಗೂ ಆಗುತ್ತೆ, ಉತ್ತರ ಮಾತ್ರ ಬೇರೆ ಬರಬಹುದು. ಉದಾಹರಣೆಗೆ ಮಾರುತಿ ಗ್ರ್ಯಾಂಡ್ ವಿಟಾರಾ. ಅದು ಬಂದಾಗ ಮೈಲ್ಡ್ ಹೈಬ್ರಿಡ್‌ಗೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 21.11 ಕಿಲೋಮೀಟರ್, ಸ್ಟ್ರಾಂಗ್ ಹೈಬ್ರಿಡ್‌ಗೆ 27.97. ತಿರುಗಿಸಿ ನೋಡಿದ್ರೆ ನೂರು ಕಿಲೋಮೀಟರಿಗೆ 4.7 ಲೀಟರ್ ಮತ್ತು 3.6 ಲೀಟರ್. ಇಲ್ಲಿ ಒಂದು ಲೀಟರಿಗೂ ಮೇಲೆ ವ್ಯತ್ಯಾಸ ಇದೆ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸೋರಿಗೆ 230 ಲೀಟರ್ ಉಳಿಯುತ್ತೆ, ಅದು ಸಣ್ಣ ಮಾತಲ್ಲ. ವಾರಕ್ಕೊಮ್ಮೆ ಮಾಲ್‌ಗೆ ಹೋಗಿ ಬರೋರಿಗೆ ಅದೇ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ಶೋರೂಮಿನಲ್ಲಿ ಹೇಳೋ ಅಂಕಿಯನ್ನ ತಿರುಗಿಸಿ, ನಿಮ್ಮ ಓಡಾಟದಿಂದ ಗುಣಿಸಿ, ಆಮೇಲೆ ಆ ಉಳಿತಾಯಕ್ಕಾಗಿ ಏನನ್ನ ಬಿಟ್ಟುಕೊಡ್ತಿದ್ದೀರಿ ಅಂತ ಪಟ್ಟಿ ಓದಿ. ಡಿಕ್ಕಿ ಜಾಗಾನೋ, ಸ್ಟೆಪ್ನಿನೋ, ಮೇಲೆ ಕೊಡೋ ದುಡ್ಡೋ. ಭಾರತದಲ್ಲೂ 2020ರಲ್ಲಿ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಟೈರಿನ ಗಾಳಿ ಎಷ್ಟಿದೆ ಅಂತ ತೋರಿಸೋ ವ್ಯವಸ್ಥೆ, ಪಂಚರ್ ಕಿಟ್ ಇರೋ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ ಮಾಡಿದ್ದಾರೆ. ಹಾಗಾಗಿ ಇದ್ದೇ ಇರುತ್ತೆ ಅಂದ್ಕೊಳ್ಳಬೇಡಿ, ಡಿಕ್ಕಿ ಮ್ಯಾಟ್ ಎತ್ತಿ ನೋಡಿ.

ನಾವು ಮಾಮೂಲಿ 'ಟೂ' ತಗೊಂಡ್ವಿ. ಕಾರು ಮಾರೋ ಹುಡುಗನ ಹತ್ತಿರ ಬಾಯ್ತಪ್ಪಿ "ಸ್ಟೆಪ್ನಿ ತೋರಿಸಿ" ಅಂದೆ, ಅವನು ಕಕ್ಕಾಬಿಕ್ಕಿಯಾದ. ಇಲ್ಲಿ ಆ ಪದ ಯಾರಿಗೂ ಗೊತ್ತಿಲ್ಲ. ಶತಮಾನದ ಹಿಂದೆ ವೇಲ್ಸ್ ದೇಶದ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರೋಕೆ ಶುರು ಮಾಡಿದ್ರಂತೆ, ಆ ಬೀದಿಯ ಹೆಸರೇ ಹಾಸನದ ಟ್ಯಾಕ್ಸಿ ಸ್ಟ್ಯಾಂಡ್ ತನಕ ಬಂದು ನಿಂತಿದೆ.

ಒಂದು ಚಳಿಗಾಲ ಕಳೀತು. ಚಳಿಯಲ್ಲಿ ನಮ್ಮ ಕಾರು 52 ಕೊಡಲ್ಲ, 45ರ ಆಚೆ ಈಚೆ ಓಡುತ್ತೆ. ಹೆದ್ದಾರಿಯಲ್ಲಿ 75ರ ಬದಲು 65ಕ್ಕೆ ಇಳಿಸಿದ್ರೆ ಮೈಲೇಜ್ ಏರೋದು ನನ್ನ ಕಣ್ಣಿಗೇ ಕಾಣುತ್ತೆ. ಆ ನಾಲ್ಕು ಮೈಲಿನಲ್ಲಿ ಒಂದಷ್ಟು ನನ್ನ ಬಲಗಾಲಲ್ಲೇ ಇತ್ತು ಅನ್ನಿ.

ಕಾರು ಮನೆಗೆ ಬಂದ ದಿನ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ, ಡಿಕ್ಕಿ ಮ್ಯಾಟ್ ಎತ್ತಿ ತೋರಿಸಿದೆ. ಖುಷಿ ಪಡ್ತಾರೆ ಅಂತ ಕಾದೆ. ಅವರು ಕನ್ನಡಕ ಸರಿ ಮಾಡ್ಕೊಂಡು, "ಗಾಳಿ ನೋಡ್ಸಿದ್ಯಾ?" ಅಂದ್ರು.

ನೋಡಿಸಿರಲಿಲ್ಲ. ಈ ತೆಳು ಸ್ಟೆಪ್ನಿಗೆ 60 ಪಿಎಸ್‌ಐ ಗಾಳಿ ಬೇಕು. ಪೆಟ್ರೋಲ್ ಬಂಕಿಗೆ ಹೋಗಿ ಅಳತೆ ಹಾಕಿದ್ರೆ ಇದ್ದಿದ್ದು 22.